ಹಸಿರು ಮದ್ಯಕ್ಕೆ ಸೊನ್ನೆ ಆಣೆ

ಬಜ್ಪೆ

ವಿಮಾನ ನಿಲ್ದಾಣದ ತಪಾಸಣೆಯವನು ನನ್ನ ಕೈಚೀಲದಿಂದ ಕಲ್ಲನ್ನು ತೆಗೆದು ಬೆಳಕಿಗೆ ಹಿಡಿದ. ಕೋಳಿಮೊಟ್ಟೆಯ ಗಾತ್ರದ ಬಿಳಿ ಬೆಣಚುಕಲ್ಲು. ಒಂದು ಮಗ್ಗುಲು ಬೆಂಕಿಗೆ ಸುಟ್ಟು ಕಪ್ಪಾಗಿತ್ತು.

"ಇದೆಂತ?"

"ಕಲ್ಲು."

"ಕಲ್ಲು ಅಂತ ಕಾಣ್ತದೆ. ಯಾಕೆ ತಗೊಂಡು ಹೋಗುದು?"

"ಒಗ್ಗರಣೆಗೆ."

ಅವನು ಮೇಲಿನವರನ್ನು ಕರೆದ. ಬಂದವರು ಘಟ್ಟದ ಮೇಲಿನವರು. "ಒಗ್ಗರಣೆಗೆ ಸಾಸಿವೆ ಹಾಕ್ತಾರೆ ಯಜಮಾನ್ರೇ, ಕಲ್ಲು ಹಾಕಲ್ಲ," ಎಂದರು. ಸಾಲಿನಲ್ಲಿ ನನ್ನ ಹಿಂದಿದ್ದ ಹೆಂಗಸೊಬ್ಬರು, "ಆಟಿ ಕಷಾಯದ ಕಲ್ಲು ಸರ್ ಅದು. ಪಾಪ, ಬಿಟ್ಟುಬಿಡಿ," ಎಂದರು.

"ವಿಮಾನದಲ್ಲಿ ಯಾರದಾದರೂ ತಲೆಗೆ ಹೊಡೆದರೆ?"

ಅಷ್ಟು ಸಿಟ್ಟು ನನಗೆ ಯಾರ ಮೇಲೂ ಇರಲಿಲ್ಲ. ಆದರೂ ಕಲ್ಲು ಲೈಟರು, ಕತ್ತರಿಗಳಿದ್ದ ಡಬ್ಬಕ್ಕೆ ಬಿತ್ತು. ಟಣ್ ಎಂದಿತು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲದ ನಡುವಿನ ಆಟಿ ತಿಂಗಳ ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಬೆಳಕು ಹರಿಯುವ ಮೊದಲು ಗಂಡಸು ಹೋಗಿ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರಬೇಕು. ಕತ್ತಿ ತಾಗಿಸಬಾರದು. ಹೆಂಗಸು ಅದನ್ನು ಬೆಳ್ಳುಳ್ಳಿ, ಕರಿಮೆಣಸು, ಓಮದ ಜೊತೆ ಅರೆದು ರಸ ಹಿಂಡುತ್ತಾಳೆ. ಕೆಂಡದಲ್ಲಿ ಕಾದ ಬಿಳಿ ಕಲ್ಲನ್ನು ಅದರೊಳಗೆ ಬಿಡುತ್ತಾಳೆ. ಅದೇ ಒಗ್ಗರಣೆ. ಬರಿಹೊಟ್ಟೆಯಲ್ಲಿ, ನಿಂತುಕೊಂಡು, ಒಂದೇ ಗುಟುಕಿಗೆ ಕುಡಿದು ಬಾಯಿಗೆ ಒಂದು ತುಂಡು ಬೆಲ್ಲ ಹಾಕಿಕೊಳ್ಳಬೇಕು. ಉಗುಳುವಂತಿಲ್ಲ. ನಾವು ಕ್ರೈಸ್ತರು. ಆದರೆ ಕಹಿಗೆ ಜಾತಿ ಇಲ್ಲ.

ನಮ್ಮ ಮನೆಯಲ್ಲಿ ತೊಗಟೆ ತರುವವನು ನಾನು, ಹಿಂಡುವವಳು ಸೆವ್ರಿನ್, ನನ್ನ ಹೆಂಡತಿ. ಹಿಂಡಿದ ಮೇಲೆ ಬೆರಳು ಅದ್ದಿ ನೆಕ್ಕಿ, ಒಂದು ಕಣ್ಣು ಮುಚ್ಚಿ, ಈ ವರ್ಷದ ಕಹಿ ಇಷ್ಟಾಣೆ ಎಂದು ತೀರ್ಪು ಕೊಡುವವಳೂ ಅವಳೇ. ಹನ್ನೊಂದಾಣೆ ಎಂದರೆ ನಾನು ಹದಿಮೂರು ಎನ್ನುತ್ತಿದ್ದೆ. ಅಲ್ಲಿಂದ ಮಧ್ಯಾಹ್ನದವರೆಗೆ ಜಗಳ. ಹದಿನಾರಾಣೆ ಮಾತ್ರ ಅವಳು ಯಾವತ್ತೂ ಕೊಟ್ಟವಳಲ್ಲ. "ಹದಿನಾರು ಕೊಟ್ಟರೆ ಮರಕ್ಕೆ ಅಹಂಕಾರ ಬರ್ತದೆ," ಎನ್ನುತ್ತಿದ್ದಳು.

ಕಳೆದ ಕ್ರಿಸ್ಮಸ್‌ಗೆ ಸ್ವಲ್ಪ ಮೊದಲು ಅವಳು ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಮೇಲೆ ಪಕ್ಕದ ಮನೆಯವರು ಕಪ್ಪು ಕಾಫಿ ಕೊಟ್ಟರು. ನಾನು ಲೋಟ ಖಾಲಿ ಮಾಡಿದ ಮೇಲೆ ಅವರೇ ಓಡಿ ಬಂದು, ಸಕ್ಕರೆ ಹಾಕಲು ಮರೆತುಹೋಯಿತು ಎಂದರು. ನನಗೆ ಗೊತ್ತೇ ಆಗಿರಲಿಲ್ಲ. ಅಂದಿನಿಂದ ನನ್ನ ನಾಲಿಗೆಗೆ ಕಹಿ ಇಲ್ಲ. ಉಪ್ಪು, ಹುಳಿ, ಸಿಹಿ, ಖಾರ ಎಲ್ಲ ಇದ್ದಲ್ಲೇ ಇವೆ. ಅವಳ ಜೊತೆ ಕಹಿಯೊಂದೇ ಹೋಗಿದೆ. ಡಾಕ್ಟರು ನಾಲಿಗೆ ನೋಡಿ, "ಚೆನ್ನಾಗಿದೆಯಲ್ಲ," ಎಂದರು.

ಮಗಳು ಜೆನೆಟ್ ಆಟಿ ಹೊತ್ತಿಗೆ ದುಬೈಗೆ ಬಂದುಬಿಡಿ ಎಂದು ಹಟ ಹಿಡಿದಳು. ಆ ದಿನ ನಾನು ಒಬ್ಬನೇ ಇರಬಾರದು ಎಂದು ಅವಳ ಲೆಕ್ಕ. ನನ್ನ ಲೆಕ್ಕ ಬೇರೆ. ಅಮಾವಾಸ್ಯೆಗೆ ಮುಂಚೆ ನಾಲಿಗೆ ತಿರುಗಿ ಬರದಿದ್ದರೆ, ಸೆವ್ರಿನ್ ಜೊತೆ ನಾನು ಆಡಿದ ಜಗಳವೆಲ್ಲ ಯಾವುದರ ಬಗ್ಗೆ ಎಂಬುದೇ ನನಗೆ ಇನ್ನು ಗೊತ್ತಾಗುವುದಿಲ್ಲ. ಆ ಹೆದರಿಕೆಯನ್ನು ಯಾರಿಗೂ ಹೇಳದೆ ವಿಮಾನ ಹತ್ತಿದೆ.

ಅಲ್ ಮುರಕ್ಕಬಾತ್

ಜೆನೆಟ್ ಇರುವುದು ದೇರಾ ಕಡೆಯ ಅಲ್ ಮುರಕ್ಕಬಾತ್‌ನಲ್ಲಿ. ಅಳಿಯ ವಿಲ್ಲಿಗೆ ಅಬುಧಾಬಿಯ ಮುಸಫ್ಫಾದಲ್ಲಿ ವರ್ಕ್‌ಶಾಪ್ ಕೆಲಸ. ವಾರವಿಡೀ ಕಂಪನಿ ಕ್ಯಾಂಪಿನಲ್ಲಿದ್ದು ವಾರದ ಕೊನೆಗೆ ಮನೆಗೆ ಬರುತ್ತಾನೆ. ಗಂಡ ಹೆಂಡತಿ ಒಂದೇ ದೇಶದಲ್ಲಿದ್ದಾರೆ ಎಂದು ನಾವು ಊರಲ್ಲಿ ಸಮಾಧಾನಪಟ್ಟುಕೊಂಡಿದ್ದೆವು.

ಈ ಊರಿನಲ್ಲಿ ಎಲ್ಲವನ್ನೂ ತಂಪು ಮಾಡಿದ್ದಾರೆ. ಬಸ್ಸು ಕಾಯುವ ಜಾಗಕ್ಕೂ ಬಾಗಿಲು, ಒಳಗೆ ಎ.ಸಿ. ನೀರನ್ನು ಮಾತ್ರ ಬಿಟ್ಟುಬಿಟ್ಟಿದ್ದಾರೆ. ಮೊದಲ ದಿನ ತಣ್ಣೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ.

"ಪಪ್ಪಾ, ಬೇಸಿಗೆಯಲ್ಲಿ ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ ಬಿಡಬೇಕು," ಎಂದಳು ಜೆನೆಟ್.

"ಅದೆಂತ ಶಾಸ್ತ್ರ?"

"ಟ್ಯಾಂಕ್ ಬಿಸಿಲಲ್ಲಿ ಉಂಟಲ್ಲ, ಅಲ್ಲಿಂದ ಬರುದು ಕುದಿಯುವ ನೀರು. ಗೀಸರ್ ಆಫ್ ಮಾಡಿ ಇಟ್ಟರೆ ಅದರ ಒಳಗಿನ ನೀರು ರೂಮಿನ ಎ.ಸಿ.ಗೆ ತಣಿಯುತ್ತದೆ."

ಊರಲ್ಲಿ ನೀರು ಕಾಯಿಸಲು ಹಂಡೆ. ಇಲ್ಲಿ ತಣಿಸಲು. ನಾನು ತಲೆದೂಗಿ ಸ್ನಾನ ಮಾಡಿದೆ.

ನಮ್ಮ ಮಾತೆಲ್ಲ ಕೊಂಕಣಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಜೆನೆಟ್ ಎಲ್ಲದರ ಬಗ್ಗೆ ಮಾತಾಡುತ್ತಿದ್ದಳು: ಬಾಡಿಗೆ, ವೀಸಾ, ಕೆಳಗಿನ ಅಂಗಡಿಯ ಪರೋಟ. ತಾಯಿಯ ಬಗ್ಗೆ ಮಾತ್ರ ಇಲ್ಲ. ನಾನೂ ಎತ್ತಲಿಲ್ಲ. ಎ.ಸಿ. ಜಾಸ್ತಿಯಾಯಿತೇ ಎಂದು ಅವಳು ಕೇಳುವುದು, ಇಲ್ಲ ಸರಿ ಉಂಟು ಎಂದು ನಾನು ಹೇಳುವುದು. ನಮ್ಮ ದುಃಖ ಆ ಡಿಗ್ರಿಯಲ್ಲಿ ನಿಂತಿತ್ತು.

ಅವಳಿಗೆ ಮದ್ಯ ಆಮದು ಮಾಡುವ ಒಂದು ಕಚೇರಿಯಲ್ಲಿ ಕೆಲಸ. ಒಂದು ಸಂಜೆ ಬಂದವಳೇ, "ಪಪ್ಪಾ, ನಾಳೆ ಅಬುಧಾಬಿಗೆ ಬರ್ತೀರಾ? ಕಹಿ ನೋಡ್ಲಿಕ್ಕೆ ಒಬ್ಬರು ಬೇಕಾಗಿದೆ," ಎಂದಳು.

ವಿಷಯ ಇಷ್ಟು. ಸ್ವಿಟ್ಜರ್ಲೆಂಡಿನಿಂದ ಹೊಸ ಹಸಿರು ಅಬ್ಸಿಂತ್ ಬಂದಿದೆ. ಅಬ್ಸಿಂತ್ ಎಂದರೆ ಕಹಿ ಸೊಪ್ಪು, ಸೋಂಪು ಹಾಕಿ ಭಟ್ಟಿ ಇಳಿಸುವ ಮದ್ಯ. ಇದರಲ್ಲಿ ಕಹಿ ವಾಡಿಕೆಗಿಂತ ಹೆಚ್ಚಂತೆ. ಇಲ್ಲಿಯ ಹೋಟೆಲುಗಳ ಗಿರಾಕಿಗಳು ತಡೆದುಕೊಳ್ಳುತ್ತಾರೋ ಇಲ್ಲವೋ ಎಂದು ಕೆಲವರನ್ನು ಕೂರಿಸಿ ಕುಡಿಸಿ ನೋಡಬೇಕು. ಅದರಲ್ಲೊಬ್ಬರಿಗೆ ಜ್ವರ.

"ನಿಮ್ಮ ಬಗ್ಗೆ ಹೇಳಿದೆ. ನನ್ನ ತಂದೆ ವರ್ಷ ವರ್ಷ ಕಹಿ ಕುಡಿದವರು, ಎಷ್ಟು ಅಂತ ಸರಿಯಾಗಿ ಹೇಳ್ತಾರೆ ಅಂತ. ಬಾಸ್‌ಗೆ ಖುಷಿಯಾಯಿತು."

ಅವಳು ಇಷ್ಟು ದಿನದಲ್ಲಿ ಮೊದಲ ಸಲ ನಗುತ್ತಿದ್ದಳು. ನನ್ನ ನಾಲಿಗೆಯ ಸುದ್ದಿ ಹೇಳಲು ಬಾಯಿ ಬರಲಿಲ್ಲ. ಇನ್ನೊಂದು ಆಸೆಯೂ ಇತ್ತು. ಕಹಿಗೇ ಹೆಸರಾದ ಮದ್ಯವಂತೆ. ಹಾಲೆ ಮರದಿಂದ ಆಗದ್ದು ಸ್ವಿಸ್ಸಿನವರಿಂದ ಆದರೂ ಆಗಲಿ.

ಅಬುಧಾಬಿ

ಬರಿಹೊಟ್ಟೆಯಲ್ಲಿ ಬರಬೇಕು, ಸೆಂಟು ಹಾಕಬಾರದು ಎಂದಿದ್ದರು. ಬರಿಹೊಟ್ಟೆ ಎಂದ ಕೂಡಲೇ ನನಗೆ ಇದು ನಮ್ಮ ಪದ್ಧತಿಯೇ ಎನಿಸಿತು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಹೋಟೆಲಿನ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು. ನಡುವೆ ಗಾಜಿನ ದೊಡ್ಡ ಹೂಜಿ, ಅದಕ್ಕೆ ಸಣ್ಣ ಸಣ್ಣ ನಲ್ಲಿಗಳು. ನಲ್ಲಿಯಿಂದ ತಣ್ಣೀರು ಹನಿ ಹನಿಯಾಗಿ ಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಸೆವ್ರಿನ್‌ಗೆ ಹಾಕಿದ್ದ ಡ್ರಿಪ್ಪೂ ಇದೇ ವೇಗದಲ್ಲಿ ಬೀಳುತ್ತಿತ್ತು. ನಾನು ಬೇರೆ ಕಡೆ ನೋಡಿದೆ.

ಮೇಜಿನ ಸುತ್ತ ಲೆಬನಾನಿನ ಒಬ್ಬ ಹೆಂಗಸು, ಫಿಲಿಪ್ಪೀನ್ಸಿನ ಬಾರ್ ಮೇಲ್ವಿಚಾರಕ, ದೆಹಲಿ ಕಡೆಯ ಒಬ್ಬ ದಪ್ಪ ಮನುಷ್ಯ, ನಾನು. ಎದುರಿಗೆ ಮದ್ಯ ತಯಾರಿಸಿದ ಸ್ವಿಸ್ಸಿನವನು. ಹೆಸರು ರೆಟೋ. ನನ್ನ ವಯಸ್ಸೇ ಇರಬಹುದು, ಹೊಲದಲ್ಲಿ ದುಡಿದ ಕೈ. ಜೆನೆಟ್ ನನ್ನ ಪಕ್ಕ ನಿಂತು ಅವನ ಇಂಗ್ಲಿಷನ್ನು ನನಗೆ ಹೇಳುತ್ತಿದ್ದಳು.

ಪ್ರತಿಯೊಬ್ಬರ ಮುಂದೆ ಒಂದು ಗ್ಲಾಸು, ತಳದಲ್ಲಿ ಹಸಿರು ದ್ರವ. ಗ್ಲಾಸಿನ ಮೇಲೆ ತೂತಿರುವ ಚಪ್ಪಟೆ ಚಮಚ, ಅದರ ಮೇಲೆ ಒಂದು ಸಕ್ಕರೆ ಗಟ್ಟಿ. ಪಕ್ಕದಲ್ಲಿ ಒಂದು ಬಕೆಟ್ಟು. ನಾನು ಬೆಲ್ಲದ ಬದಲಿಗೆ ಸಕ್ಕರೆ ಇಟ್ಟಿದ್ದಾರೆ, ಅನುಕೂಲ ಎಂದುಕೊಂಡೆ. ರೆಟೋ, "ಶುರು ಮಾಡಿ," ಎಂದ.

ನಾನು ಎದ್ದು ನಿಂತೆ. ಕಣ್ಣು ಮುಚ್ಚಿದೆ. ಒಂದೇ ಗುಟುಕಿಗೆ ಗ್ಲಾಸು ಖಾಲಿ ಮಾಡಿ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೆ.

ಗಂಟಲಿನಿಂದ ಹೊಟ್ಟೆಯವರೆಗೆ ಬೇಕರಿಯ ಒಲೆಯ ಬಾಗಿಲು ತೆರೆದಂತಾಯಿತು. ನಾನು ಮಂಗಳೂರಿನಲ್ಲಿ ಅಂಥ ಒಲೆಯ ಮುಂದೆಯೇ ದುಡಿದವನು, ಆದ್ದರಿಂದ ನಿಂತೇ ಇದ್ದೆ. ಕಣ್ಣು ಬಿಟ್ಟಾಗ ಜೆನೆಟ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಆ ಸಕ್ಕರೆಯ ಮೇಲೆ ನೀರು ಹನಿಸಿ, ಮದ್ಯವನ್ನು ತೆಳ್ಳಗೆ ಮಾಡಿ, ಒಂದು ತೊಟ್ಟು ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗುಳಬೇಕಂತೆ. ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನಾಲ್ಕು ಜನರ ಮುಂದೆ ಉಗುಳುವುದು ನನ್ನಿಂದಾಗುತ್ತಿರಲಿಲ್ಲ.

ಆದರೆ ಕಹಿಯಲ್ಲಿ ಪಳಗಿದ ಮನುಷ್ಯ ಎಂದು ನನ್ನನ್ನು ಮೊದಲೇ ಪರಿಚಯಿಸಿದ್ದರಲ್ಲ. ಫಿಲಿಪ್ಪೀನ್ಸಿನವನು ಎದ್ದು ನಿಂತ. ಕಣ್ಣು ಮುಚ್ಚಿ ಗುಟುಕರಿಸಿ ಸಕ್ಕರೆ ಬಾಯಿಗೆ ಹಾಕಿದ. ಅವನನ್ನು ನೋಡಿ ಲೆಬನಾನಿನ ಹೆಂಗಸು. ದೆಹಲಿಯವರು ಒಂದು ಕ್ಷಣ ಹಿಂದೆಮುಂದೆ ನೋಡಿ, ಶಿಲುಬೆಯ ಗುರುತನ್ನೂ ಹಾಕಿಕೊಂಡು ಕುಡಿದರು. ನಾನು ಹಾಕಿರಲಿಲ್ಲ. ಅದು ಅವರದೇ ಸೇರ್ಪಡೆ. ಲೆಬನಾನಿನವರು ಮೆಲ್ಲಗೆ ಕುರ್ಚಿಯ ಕೈ ಹಿಡಿದುಕೊಂಡು ಕುಳಿತರು.

ರೆಟೋ ಒಬ್ಬೊಬ್ಬರನ್ನೇ ಕೇಳಿದ. ಹತ್ತರಲ್ಲಿ ಎಷ್ಟು ಕಹಿ? ಒಬ್ಬರು ಆರು, ಒಬ್ಬರು ಏಳು. ದೆಹಲಿಯವರು ಕೈಬೆರಳು ತೋರಿಸಿದರು, ಎಷ್ಟೆಂದು ಅವರಿಗೂ ಖಚಿತವಿರಲಿಲ್ಲ. ನನ್ನ ಸರದಿ ಬಂತು.

"ಆಣೆಯಲ್ಲಿ ಹೇಳಿ ಪಪ್ಪಾ, ನಾನು ಲೆಕ್ಕ ಮಾಡಿ ಹೇಳ್ತೇನೆ," ಎಂದಳು ಜೆನೆಟ್. ಎಷ್ಟೋ ಸಮಯದ ನಂತರ ಆಣೆ ಎಂಬ ಮಾತು ಅವಳ ಬಾಯಿಂದ ಬಂದಿತ್ತು.

ನಾನು ನಾಲಿಗೆಯನ್ನು ಎಲ್ಲ ಕಡೆ ತಿರುಗಿಸಿ ಹುಡುಕಿದೆ. ಊಟದ ಮೇಲೆ ಹೋಟೆಲುಗಳಲ್ಲಿ ಕೊಡುವ ಸೋಂಪು ಸಿಕ್ಕಿತು. ಉರಿ ಸಿಕ್ಕಿತು. ಮಲ್ಲಿಗೆಯ ನಡುವೆ ಕಟ್ಟುವ ದವನದ್ದೇ ಪರಿಮಳ ಸಿಕ್ಕಿತು.

"ಸೊನ್ನೆ ಆಣೆ," ಎಂದೆ.

ಸೊನ್ನೆಗೆ ಲೆಕ್ಕ ಮಾಡುವ ಅಗತ್ಯವಿರಲಿಲ್ಲ. ರೆಟೋನ ಮುಖ ಕೆಂಪಾಯಿತು. ನೀರು ಹನಿಸಿ ಇನ್ನೊಂದು ಗ್ಲಾಸು ಮಾಡಿಕೊಟ್ಟ. ಹಸಿರು ಹೋಗಿ ಗಂಜಿತಿಳಿಯಂತೆ ಬೆಳ್ಳಗಾಯಿತು. ಸೊನ್ನೆ. ಕಿಸೆಯಿಂದ ಒಂದು ಕಾಗದದ ಪೊಟ್ಟಣ ತೆಗೆದು ಆ ಕಹಿ ಸೊಪ್ಪಿನ ಒಣಗಿದ ಎಲೆಯನ್ನೇ ಅಂಗೈಗೆ ಹಾಕಿದ. ಬೆಳ್ಳಗಿನ, ನವಿರಾದ ಎಲೆ. ಅಗಿದೆ. ಹುಲ್ಲು. ಸೊನ್ನೆ.

ದೆಹಲಿಯವರು, "ನನಗೂ ಕೊಡಿ," ಎಂದು ಒಂದೆಲೆ ಬಾಯಿಗೆ ಹಾಕಿಕೊಂಡು ಬಕೆಟ್ಟಿನ ಕಡೆ ಓಡಿದರು. ಅಂದು ಬಕೆಟ್ಟು ಬಳಕೆಯಾದದ್ದು ಆಗ ಮಾತ್ರ.

ಜೆನೆಟ್ ನನ್ನನ್ನೇ ನೋಡುತ್ತಿದ್ದಳು. "ಪಪ್ಪಾ, ಯಾವಾಗಿನಿಂದ?"

"ಮಣ್ಣು ಕೊಟ್ಟು ಬಂದ ದಿನದಿಂದ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಎ.ಸಿ. ಬಗ್ಗೆ ಮಾತ್ರ ಕೇಳ್ತಿದ್ದೆಯಲ್ಲ."

ಅವಳು ರೆಟೋಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅವನ ಮುಖದ ಕೆಂಪು ಇಳಿಯಿತು. ನನ್ನ ಎದುರು ಕುರ್ಚಿ ಎಳೆದು ಕುಳಿತ. ಅವನು ನಿಧಾನವಾಗಿ ಹೇಳಿದ್ದನ್ನು ಜೆನೆಟ್ ಹೀಗೆ ಹೇಳಿದಳು: "ಭಟ್ಟಿ ಇಳಿಸುವಾಗ ಪರಿಮಳ ಹಬೆಯ ಜೊತೆ ಮೇಲೆ ಹೋಗ್ತದಂತೆ. ಕಹಿ ಹೋಗುದಿಲ್ಲ. ಅದು ಭಾರ. ಕೆಳಗೆ ಹಂಡೆಯಲ್ಲೇ ಉಳಿಯುತ್ತದಂತೆ. ಬಣ್ಣಕ್ಕೆ ಅಂತ ಆಮೇಲೆ ಸೊಪ್ಪು ನೆನೆಸುವಾಗ ಸ್ವಲ್ಪ ಕಹಿ ಇಳಿಯುತ್ತದೆ, ಅಷ್ಟೇ."

"ಹಂಡೆಯಲ್ಲಿ ಉಳಿದದ್ದನ್ನು ಎಂತ ಮಾಡ್ತಾರೆ?"

"ತೋಟಕ್ಕೆ ಚೆಲ್ಲುದಂತೆ."

ನಾವು ಕಹಿಗಾಗಿ ಕತ್ತಲೆಯಲ್ಲಿ ಮರ ಹುಡುಕಿಕೊಂಡು ಹೋಗುವವರು. ಇವರು ಕಷ್ಟಪಟ್ಟು ಕಹಿಯಿಂದ ಪರಿಮಳವನ್ನು ಬಿಡಿಸಿ ಕಹಿಯನ್ನು ತೋಟಕ್ಕೆ ಚೆಲ್ಲುವವರು. ಪ್ರಪಂಚ ಹೀಗೆಲ್ಲ ಉಂಟು.

ಕೊನೆಗೆ ಅಭಿಪ್ರಾಯ ಬರೆಯಲು ಹೇಳಿದರು. ಮದ್ಯದ ಬಗ್ಗೆ ಬರೆಯುವ ಯೋಗ್ಯತೆ ನನಗಿರಲಿಲ್ಲ. ನಡುವೆ ಬಾಯಿ ಶುದ್ಧಮಾಡಲು ಕೊಟ್ಟ ಬಿಸ್ಕತ್ತಿನ ಬಗ್ಗೆ ಬರೆದೆ. ಒಲೆಯಿಂದ ಬೇಗ ತೆಗೆದಿದ್ದಾರೆ, ನಡುವೆ ಹಸಿ ಉಳಿದಿದೆ. ಹೊರಡುವಾಗ ರೆಟೋ ಆ ಎಲೆಯ ಪೊಟ್ಟಣವನ್ನು ನನ್ನ ಕಿಸೆಗೆ ತುರುಕಿದ. ಒಂದು ಸಕ್ಕರೆ ಗಟ್ಟಿಯನ್ನೂ ಕಾಗದದಲ್ಲಿ ಸುತ್ತಿ ಕೊಟ್ಟ. ದುಬೈಗೆ ತಿರುಗಿ ಬರುವಾಗ ಕಂಪನಿ ವ್ಯಾನಿನಲ್ಲಿ ಎಲ್ಲರೂ ಬಾಯಿ ತೆರೆದು ಮಲಗಿದ್ದರು.

ದೇರಾ

ನಾಲಿಗೆಯ ವಿಷಯ ಗೊತ್ತಾದ ಮೇಲೆ ಜೆನೆಟ್ ಸುಮ್ಮನಿರಲಿಲ್ಲ. ಮರುದಿನ ದೇರಾದ ಸಂಬಾರ ಪೇಟೆಗೆ ಕರೆದುಕೊಂಡು ಹೋದಳು. ಅಲ್ಲಿ ಅಬ್ಬಾಸಾಕನ ಅಂಗಡಿ. ಅಬ್ಬಾಸಾಕ ಮೂಲ್ಕಿ ಕಡೆಯ ಬ್ಯಾರಿ ಮುಸಲ್ಮಾನರು. ಮಂಗಳೂರಿನಲ್ಲಿ ಓದುವಾಗ ನನ್ನ ಬೇಕರಿಯ ಬನ್ನು ತಿಂದು ಶಾಲೆಗೆ ಹೋದವರು.

"ಕುಡಿಯುವ ಸುದ್ದಿ ನನಗೆ ಬೇಡ ಮಾರಾಯ್ರೆ," ಎಂದರು ಕತೆ ಕೇಳಿ. "ಕಹಿ ಬೇಕಾ, ನನ್ನತ್ರ ಕೇಳಿ. ಯಲ್ಲಾ, ಕೂತ್ಕೊಳ್ಳಿ."

ಮೊದಲು ಮೆಂತೆ. ಆಮೇಲೆ ಕಿರಾತಕಡ್ಡಿ. ಆಮೇಲೆ ಬೇವಿನ ಬೀಜ. ನಾನು ಕಡಲೆ ತಿಂದಂತೆ ತಿಂದೆ. ಒಂದು ಡಬ್ಬಿಯಿಂದ ಕಪ್ಪು ಗಟ್ಟಿಯೊಂದನ್ನು ತೆಗೆದರು. ಲೋಳೆಸರದ ಒಣಗಿದ ರಸ. ಮಕ್ಕಳಿಗೆ ಎದೆಹಾಲು ಬಿಡಿಸಲು ತಾಯಂದಿರು ಹಚ್ಚಿಕೊಳ್ಳುವುದು.

"ಇದಕ್ಕೆ ಸೋಲದವನು ಹುಟ್ಟಿಲ್ಲ."

ನಾನು ಚೀಪಿದೆ. ಸುತ್ತ ಜನ ಸೇರಿದ್ದರು. ಪೇಶಾವರದ ಒಬ್ಬ ಗಟ್ಟಿಮುಟ್ಟಾದ ಆಳು ಇದೇನು ಮಹಾ ಎಂದು ಒಂದು ಚೂರು ಬಾಯಿಗೆ ಹಾಕಿ, ಕೂಡಲೇ ಪಕ್ಕದ ಅಂಗಡಿಯ ಖರ್ಜೂರದ ರಾಶಿಗೆ ಕೈಹಾಕಿದ. ಪಕ್ಕದ ಅಂಗಡಿಯವನು ಜಗಳಕ್ಕೆ ಬಂದ. ನಾನು ನಡುವೆ ಚೀಪುತ್ತ ಕುಳಿತೇ ಇದ್ದೆ. ಯಾರೋ ಮೊಬೈಲಿನಲ್ಲಿ ನನ್ನನ್ನು ಹಿಡಿಯುತ್ತಿದ್ದರು. ಒಬ್ಬ ಮುದುಕ ನನ್ನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

"ಖಲಾಸ್," ಎಂದರು ಅಬ್ಬಾಸಾಕ, ಡಬ್ಬಿ ಮುಚ್ಚುತ್ತ. "ನನ್ನ ಅಂಗಡಿಯಲ್ಲಿ ಇನ್ನು ಕಹಿ ಮಾಫಿ, ಇಲ್ಲವೇ ಇಲ್ಲ." ಡಬ್ಬಿಯನ್ನು ಮೇಲಿಟ್ಟು ಕೇಳಿದರು: "ಸೆವ್ರಿನ್ ಬಾಯಮ್ಮ ಬೇಕರಿಗೆ ಬಂದಾಗ ನನ್ನ ಕಿವಿ ಹಿಂಡ್ತಿದ್ರು, ಗೊತ್ತುಂಟಾ? ಬನ್ನಿನ ಮೇಲಿನ ಸಕ್ಕರೆ ಮಾತ್ರ ನೆಕ್ಕಿ ವಾಪಸ್ ಇಡ್ತಿದ್ದೆ ಅಂತ."

ಜೆನೆಟ್ ನಕ್ಕಳು. ನಗುತ್ತಲೇ ಮೆಂತೆಯ ಚೀಲದ ಕಡೆ ತಿರುಗಿ ನಿಂತಳು. ಅಮಾವಾಸ್ಯೆಗೆ ಒಂದು ದಿನ ಉಳಿದಿತ್ತು.

ಮತ್ತೆ ಅಲ್ ಮುರಕ್ಕಬಾತ್

ಅಮಾವಾಸ್ಯೆಯ ಬೆಳಿಗ್ಗೆ ಎದ್ದು ಬಂದರೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿಯ ವಾಸನೆ. ಜೆನೆಟ್ ನೈಟಿಯಲ್ಲೇ ರೆಟೋನ ಎಲೆಯನ್ನು ಚಿಟಿಕೆಯಷ್ಟು ಹಾಕಿ ಕುದಿಸಿ, ಮೆಣಸು, ಓಮ ಹಾಕಿ ಸೋಸಿಟ್ಟಿದ್ದಳು. ಗ್ಯಾಸಿನ ಉರಿಯ ಮೇಲೆ ಒಂದು ಬಿಳಿ ಕಲ್ಲು ಕಾಯುತ್ತಿತ್ತು.

"ಕಲ್ಲು ಎಲ್ಲಿಂದ?"

"ಕೆಳಗೆ ಲಾಬಿಯಲ್ಲಿ ಹೂಕುಂಡ ಉಂಟಲ್ಲ, ಅದರಿಂದ. ವಾಚ್‌ಮನ್ ನೋಡಲಿಲ್ಲ."

ಆ ಕುಂಡದ ತಾಳೆ ಪ್ಲಾಸ್ಟಿಕ್ಕಿನದು ಎಂದು ನನಗೆ ಗೊತ್ತಿತ್ತು. ಕಲ್ಲಿಗೆ ಹೊಳಪು ಬರಲೆಂದು ಏನನ್ನೋ ಬಳಿದಿದ್ದಾರೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅದು ಮೊದಲು ಬೆವರಿತು. ಆಮೇಲೆ ಕಪ್ಪು ಹೊಗೆ ಬಿಟ್ಟಿತು, ಟಯರು ಸುಟ್ಟ ನಾತ. ಜೆನೆಟ್ ಇಕ್ಕಳ ಹಿಡಿದು ಹತ್ತಿರ ಹೋಗುವಷ್ಟರಲ್ಲಿ ಢಂ ಎಂದು ಎರಡಾಗಿ ಸಿಡಿಯಿತು. ಒಂದು ತುಂಡು ಸಿಂಕಿಗೆ, ಇನ್ನೊಂದು ಫ್ರಿಡ್ಜಿನ ಮೇಲೆ. ಅವಳು ಗ್ಯಾಸ್ ಆರಿಸಿದಳು. ಚಾವಣಿಯ ಅಲಾರಂ ಕಿರುಚತೊಡಗಿತು. ಮರುಕ್ಷಣ ಇಡೀ ಕಟ್ಟಡವೇ ಕಿರುಚಿತು.

ಎಲ್ಲರೂ ಮೆಟ್ಟಿಲಿಳಿದೆವು. ಬನಿಯನ್ನಿನವರು, ಒದ್ದೆ ತಲೆಯವರು, ಪಂಜರದಲ್ಲಿ ಗಿಳಿ ಹಿಡಿದವರು. ಬೀದಿಗೆ ಬಂದಾಗ ಬಿಸಿಗಾಳಿ ಕಂಬಳಿಯಂತೆ ಮೇಲೆ ಬಿತ್ತು. ಜನ ಪಾಸ್‌ಪೋರ್ಟು, ಒಡವೆ ಹಿಡಿದು ಬಂದಿದ್ದರು. ಜೆನೆಟ್‌ಳ ಕೈಯಲ್ಲಿ ಕಷಾಯದ ಪಾತ್ರೆಯಿತ್ತು. ಅವಳು ಅದನ್ನು ನೋಡಿದಳು, ನಾನು ಅವಳನ್ನು ನೋಡಿದೆ.

ಅಗ್ನಿಶಾಮಕದವರು ಬಂದು ಮೇಲೆ ಹೋಗಿ ಇಳಿದು ಬಂದರು. ಅವರಲ್ಲೊಬ್ಬ ಅಂಗೈ ತೆರೆದು ಕಪ್ಪಾದ ಕಲ್ಲಿನ ತುಂಡು ತೋರಿಸಿ, "ಕುಕಿಂಗ್ ಸ್ಟೋನ್?" ಎಂದು ಕೇಳಿದ. ಜೆನೆಟ್ ತಲೆಯಾಡಿಸಿದಳು. ವಾಚ್‌ಮನ್ ಆ ತುಂಡನ್ನೂ ಲಾಬಿಯ ಕುಂಡವನ್ನೂ ಮತ್ತೆ ಮತ್ತೆ ನೋಡಿದ. ಇನ್ನೂ ಹೊಗೆ ಹೋಗಬೇಕು, ಕಾಯಿರಿ ಎಂದರು.

"ಬಿಸಿಲು ಏರುವ ಮೊದಲು ಕುಡಿದುಬಿಡಿ ಪಪ್ಪಾ," ಎಂದಳು ಜೆನೆಟ್.

ಫುಟ್‌ಪಾತಿನಲ್ಲಿ, ಅಷ್ಟು ಜನರ ನಡುವೆ, ಮನೆಯ ಲುಂಗಿಯಲ್ಲಿ ನಾನು ನಿಂತಿದ್ದೆ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದೆ. ಅವಳಿಗೆಂದು ತಳದಲ್ಲಿ ಸ್ವಲ್ಪ ಬಿಟ್ಟು ಪಾತ್ರೆ ಕೊಟ್ಟೆ. ಅವಳು ಬೆರಳು ಅದ್ದಿ ನೆಕ್ಕಿದಳು. ಒಂದು ಕಣ್ಣು ಮುಚ್ಚಿದಳು.

"ಹತ್ತಾಣೆ," ಎಂದಳು.

"ಹತ್ತಾ? ನಿನ್ನ ನಾಲಿಗೆಗೆ ಎಂತ ಆಗಿದೆ? ಹದಿನಾಲ್ಕಕ್ಕೆ ಒಂದು ಕಾಸು ಕಡಿಮೆ ಇಲ್ಲ."

"ಹದಿನಾಲ್ಕು ಹೇಗೆ? ಕಲ್ಲೇ ಬಿದ್ದಿಲ್ಲ ಅದಕ್ಕೆ."

"ಕಲ್ಲು ಬಿದ್ದರೆ ಕಹಿ ಇಳಿಯುದು, ಏರುದಲ್ಲ. ನಿನ್ನ ಅಮ್ಮನೂ ಇದೇ ತಪ್ಪು ಹೇಳ್ತಿದ್ದಳು."

"ಹಾಗಾದರೆ ಹದಿನಾರೇ ಕೊಟ್ಟುಬಿಡಿ!"

"ಹದಿನಾರು ಕೊಟ್ಟರೆ ಗಿಡಕ್ಕೆ ಅಹಂಕಾರ ಬರ್ತದೆ."

ಗಿಳಿ ಹಿಡಿದವರು ನಮ್ಮನ್ನು ನೋಡುತ್ತಿದ್ದರು. ಜೆನೆಟ್ ಮಾತು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಗ ನನಗೂ ತಿಳಿಯಿತು. ನಾಲಿಗೆಯ ಬುಡ ಹಿಂಡುತ್ತಿತ್ತು, ದವಡೆ ಜಗ್ಗುತ್ತಿತ್ತು. ಕಣ್ಣಲ್ಲಿ ನೀರು ಬಂತು, ಬರುತ್ತಲೇ ಇತ್ತು. ವಾಚ್‌ಮನ್, "ಚಾಚಾ, ಗ್ಯಾಸ್ ಲಗಾ ಕ್ಯಾ?" ಎಂದು ಓಡಿ ಬಂದ.

ಜೆನೆಟ್ ನೈಟಿಯ ಕಿಸೆಯಿಂದ ರೆಟೋ ಕೊಟ್ಟ ಸಕ್ಕರೆ ಗಟ್ಟಿಯನ್ನು ತೆಗೆದು ಕಾಗದ ಬಿಡಿಸಿದಳು. ಅದನ್ನು ಅವಳು ಮರೆಯದೆ ಹಾಕಿಕೊಂಡು ಇಳಿದಿದ್ದಳು. ನನ್ನ ಬಾಯಿಯ ಹತ್ತಿರ ಹಿಡಿದಳು.

"ಬೇಡ ಪುತಾ," ಎಂದೆ. "ಸ್ವಲ್ಪ ಹೊತ್ತು ಇರಲಿ."